ಬಾಡಿಗೆಯ ಗಾಡಿ, ಸ್ವಂತದ ಗಾಡಿ

ಒಂದು ಕಡೆ ಕೂತಿರುವುದು ನನ್ನ ಜಾಯಮಾನವಲ್ಲ. ಒಲೆಯ ಮೇಲೆ ಚಹಾ ಇಟ್ಟರೆ ಅದು ಕುದಿಯುವುದರೊಳಗೆ ಮೂರು ಸಲ ಹೊಸ್ತಿಲಿಗೆ ಹೋಗಿ ಬರುತ್ತೇನೆ. ಬಸ್ಸು ತಡವಾದರೆ ಮುಂದಿನ ಸ್ಟಾಪಿನ ತನಕ ನಡೆದುಬಿಡುತ್ತೇನೆ. ನಡುದಾರಿಯಲ್ಲಿ ಬಸ್ಸು ನನ್ನನ್ನು ದಾಟಿಕೊಂಡು ಹೋಗಿ ನಾನು ಬೆಪ್ಪಾಗಿ ನಿಂತದ್ದೂ ಉಂಟು. ಇಂಥವಳನ್ನು ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಲ್ಯಾಬಿನ ಸಾಹೇಬರು ಕರೆದು, ಇನ್ನು ಮೇಲೆ ಐದೂ ತಾಲೂಕು ನಿಮಗೇ, ಒಂದು ಕಾರು ನೋಡಿಕೊಳ್ಳಿ ಎಂದರು.

ಲ್ಯಾಬು ಅಂದರೆ ರಕ್ತ ಪರೀಕ್ಷೆಯದಲ್ಲ, ಮಣ್ಣಿನದು ಮತ್ತು ಎಲೆಯದು. ಅಥಣಿಯಲ್ಲಿದೆ, ಖಾಸಗಿಯವರದು. ನಾನು ಅಲ್ಲಿ ಹತ್ತು ವರ್ಷದಿಂದ ತೋಟಗಳಿಗೆ ಹೋಗಿ ನಮೂನೆ ತರುವ ಕೆಲಸ ಮಾಡುತ್ತೇನೆ. ಅಲ್ಲಿಯ ತನಕ ಕಾಗವಾಡದ ಸುತ್ತಿನ ಹಳ್ಳಿಗಳು ಮಾತ್ರ ನನ್ನವು. ಸ್ಕೂಟರು, ಕಾಲಿನ ನಡುವೆ ಐಸ್ ತುಂಬಿದ ಡಬ್ಬಿ, ತಲೆಗೆ ಓಢಣಿ, ಇಷ್ಟೇ ನನ್ನ ಸರಂಜಾಮು. ಇನ್ನು ಮೇಲೆ ರಾಯಬಾಗ, ಚಿಕ್ಕೋಡಿಯ ಕಬ್ಬಿನ ಹೊಲ, ನಿಪ್ಪಾಣಿಯ ತಂಬಾಕಿನ ಮಣ್ಣು, ಅಥಣಿಯ ದ್ರಾಕ್ಷಿ, ಎಲ್ಲದಕ್ಕೂ ನಾನೊಬ್ಬಳೇ ಓಡಾಡಬೇಕು. ಸ್ವಂತದ ಕಾರು ಕೊಂಡರೆ ಕಿಲೋಮೀಟರಿಗೆ ಇಷ್ಟೆಂದು ಕೊಡುತ್ತಾರಂತೆ. ಕೊಳ್ಳುವುದಾಗದಿದ್ದರೆ ಯಾರದಾದರೂ ಗಾಡಿಯನ್ನು ತಿಂಗಳ ಬಾಡಿಗೆಗೆ ಹಿಡಿಯಬಹುದು, ಬಿಲ್ಲು ಲ್ಯಾಬಿನವರದು. ಹದಿನೈದು ದಿನದಲ್ಲಿ ಹೇಳಿ ಎಂದು ಸಾಹೇಬರು ಫೈಲು ಮುಚ್ಚಿದರು.

ಈ ಕೆಲಸದ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದ್ರಾಕ್ಷಿ ಬಳ್ಳಿಯನ್ನು ದಸರೆಯ ಹಿಂದುಮುಂದು ಸವರುತ್ತಾರೆ. ಅದಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ಚಾಟ್ನಿಯಾಗಿ ಬಳ್ಳಿ ಹೂವಿಗೆ ಬಂದಾಗ ಗೊಂಚಲಿನ ಎದುರಿನ ಎಲೆಯನ್ನು ತೊಟ್ಟಿನ ಸಮೇತ ಹರಿದು, ಎಲೆ ಬಿಸಾಡಿ ತೊಟ್ಟು ಮಾತ್ರ ಇಟ್ಟುಕೊಳ್ಳಬೇಕು. ತೋಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕುಡಿದವರ ಹಾಗೆ ಅಡ್ಡಾದಿಡ್ಡಿ ನಡೆಯುತ್ತ, ಚೆನ್ನಾಗಿರುವ ಬಳ್ಳಿ ಸೊರಗಿದ ಬಳ್ಳಿ ಎನ್ನದೆ ನೂರು ತೊಟ್ಟು ಕೂಡಿಸಬೇಕು. ಬಳ್ಳಿಗೆ ಏನು ಕಡಿಮೆಯಾಗಿದೆ ಎಂದು ಆ ತೊಟ್ಟು ಹೇಳುತ್ತದೆ. ಗೊತ್ತಾದ ಮೇಲೆ ಆ ಕೊರತೆಯ ಗೊಬ್ಬರ ಬೇಗ ಕೊಟ್ಟರೆ ಗೊಂಚಲು ಉಳಿಯುತ್ತದೆ. ಕಾಯಿ ಜೋಳದ ಕಾಳಿಗಿಂತ ದೊಡ್ಡದಾಯಿತೆಂದರೆ ಮುಗಿಯಿತು, ಆಮೇಲೆ ಏನು ಸುರಿದರೂ ಆ ವರ್ಷದ ತೋಟ ಕೂತ ಹಾಗೆಯೇ. ಒಂದು ಮನೆಯ ವರ್ಷವೇ ನನ್ನ ಡಬ್ಬಿಯಲ್ಲಿರುತ್ತದೆ. ಈ ಮಾತನ್ನು ನಾನು ಜಂಬದಿಂದ ಎಷ್ಟೋ ಜನರಿಗೆ ಹೇಳಿದ್ದೇನೆ.

ಆ ಹದಿನೈದು ದಿನ ನನ್ನ ತಲೆ ತಲೆಯಾಗಿರಲಿಲ್ಲ. ಬೆಳಿಗ್ಗೆ ಏಳುವಾಗ ಕೊಳ್ಳುವುದೇ ಸರಿ ಅನ್ನಿಸುತ್ತಿತ್ತು, ಹಲ್ಲುಜ್ಜುವುದರೊಳಗೆ ಬಾಡಿಗೆಯೇ ಮೇಲು ಅನ್ನಿಸುತ್ತಿತ್ತು. ನಿಪ್ಪಾಣಿಯ ಶೋರೂಮಿಗೆ ಎರಡು ಸಲ ಹೋದೆ. ಅಲ್ಲಿಯ ಹುಡುಗಿ ನನಗೆ ಕಾರು ತೋರಿಸುವ ಬದಲು, ಸರ್ ಯಾವಾಗ ಬರುತ್ತಾರೆ ಎಂದು ಕೇಳಿದಳು. ಯಾವ ಸರ್ ಅಮ್ಮಾ, ನನಗೆ ಮದುವೆಯೇ ಇಲ್ಲ ಎಂದು ಹೇಳಿ ಅವಳು ಕೊಟ್ಟ ಕಾಫಿಯನ್ನು ಅಲ್ಲೇ ಬಿಟ್ಟು ಬಂದೆ. ಚಿಕ್ಕೋಡಿಯಲ್ಲಿ ಹಳೆಯ ಗಾಡಿ ಮಾರುವವನೊಬ್ಬ ನಾಲ್ಕು ಕಾರು ತೋರಿಸಿ ನಾಲ್ಕೂ ಒಬ್ಬ ಡಾಕ್ಟರದ್ದೇ ಎಂದ. ಇಷ್ಟು ಕಾರು ಇಟ್ಟುಕೊಂಡ ಡಾಕ್ಟರು ಪೇಶಂಟು ಯಾವಾಗ ನೋಡುತ್ತಿದ್ದನೋ! ಲ್ಯಾಬಿನಲ್ಲಿ ಒಬ್ಬರು ಕೊಳ್ಳು ಎಂದರೆ ಇನ್ನೊಬ್ಬರು, ನಮ್ಮ ರಸ್ತೆಗೆ ಸ್ವಂತದ ಗಾಡಿ ತಗೊಳ್ಳುವವರು ಮೂರ್ಖರು, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಎರಡು ಸೀಜನ್ ಓಡಾಡಿದರೆ ಗುಜರಿಗೂ ಬೇಡವಾಗುತ್ತದೆ ಎಂದರು. ಎಲ್ಲರ ಮಾತೂ ಸರಿ ಕಾಣಿಸುತ್ತಿತ್ತು. ಅದೇ ನನ್ನ ಸಿಟ್ಟಿಗೆ ಕಾರಣ. ತಪ್ಪು ಮಾತು ಹೇಳುವ ಒಬ್ಬನಾದರೂ ಸಿಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಈ ಹೊತ್ತಿಗೆ ನಮ್ಮೂರಿನ ಸಾವ್ಕಾರರು ಹೇಳಿ ಕಳಿಸಿದರು.

ನಮ್ಮೂರು ಕಾಗವಾಡದಿಂದ ದೂರವಿಲ್ಲ. ಊರಿನ ದ್ರಾಕ್ಷಿಯಲ್ಲಿ ಅರ್ಧಕ್ಕರ್ಧ ಸಾವ್ಕಾರರದ್ದೇ, ಕಬ್ಬು ಬೇರೆ. ನಾವು ಬೌದ್ಧರು, ಊರಿನ ಕೊನೆಯ ಓಣಿಯವರು. ನನ್ನ ಅವ್ವ ಮೂವತ್ತು ವರ್ಷದಿಂದ ಅವರ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಹೋಗುತ್ತಾಳೆ. ಈಗ ಹದಿನೈದು ಹೆಂಗಸರ ಟೋಳಿಗೆ ಅವಳೇ ಮುಂದಾಳು. ಸಾವ್ಕಾರರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ನನಗೆ ಸಾಂಗಲಿಯಲ್ಲಿ ಹಾಸ್ಟೆಲ್ ಸಿಗದೆ ಕಾಲೇಜು ಬಿಡುವ ಹಾಗಾದಾಗ ತಾವೇ ಬಸ್ಸು ಹತ್ತಿ ಹೋಗಿ ಯಾರನ್ನೋ ಕಂಡು ಸೀಟು ಕೊಡಿಸಿದವರು ಅವರು. ನಾನು ಕೆಲಸಕ್ಕೆ ಸೇರಿದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದವರೂ ಅವರೇ.

ನಾನು ಹೋದಾಗ ಅವರು ತಮ್ಮ ದೊಡ್ಡ ಮನೆಯ, ಅಂದರೆ ವಾಡೆಯ, ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮಗ ದೊಡ್ಡ ಗಾಡಿ ಕೊಂಡ ಮೇಲೆ ಅವರ ಹಳೆಯ ಕಾರು ಖಾಲಿ ನಿಂತಿತ್ತು.

‘ಕೊಳ್ಳೂದೇನೈತಿ ತಂಗಿ, ಕೊಂಡ ದಿನಾನ ಅದು ಹಳೀದ ಆಗ್ತೈತಿ,’ ಎಂದರು. ‘ನಮ್ಮ ಗಾಡಿ ಶೆಡ್ಡಿನ್ಯಾಗ ಇಲಿಗೋಳ ಪಾಲಾಗಾಕತ್ತೈತಿ. ತಿಂಗಳಾ ಇಷ್ಟ ಅಂತ ಕೊಡು, ತಿರಗಸು. ಮನಿ ಗಾಡಿ ಮನ್ಯಾಗ ಇದ್ದಂಗ ಆಗ್ತೈತಿ.’

ಅವರು ಹೇಳಿದ ಬಾಡಿಗೆ ಎಲ್ಲರಿಗಿಂತ ಕಡಿಮೆಯಿತ್ತು. ಅವ್ವ ಕೇಳಿ ಹಿಗ್ಗಿದಳು. ಸಾವ್ಕಾರರ ಕಾರನ್ನು ನನ್ನ ಮಗಳು ಹೊಡೆಯುತ್ತಾಳೆ ಎಂದು ಟೋಳಿಯ ಹದಿನೈದೂ ಹೆಂಗಸರಿಗೆ ಮರುದಿನವೇ ಸುದ್ದಿ ಮುಟ್ಟಿತ್ತು. ನನಗೂ, ಸುಳ್ಳು ಯಾಕೆ ಹೇಳಲಿ, ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ನಿರ್ಧಾರ ಮಾಡುವ ಕೆಲಸವನ್ನು ಇನ್ನೊಬ್ಬರು ಮಾಡಿಕೊಟ್ಟರೆ ಯಾರಿಗೆ ಬೇಡ? ದಸರೆಯ ಖಂಡೇ ಪೂಜೆಯಲ್ಲಿ, ನಮ್ಮ ಕಡೆಯ ಆಯುಧ ಪೂಜೆ ಅದು, ಅವರ ಉಳಿದ ಗಾಡಿಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಹಚ್ಚಿ ಹಾರ ಹಾಕಿದರು. ಮರುದಿನ ಕೀಲಿ ನನ್ನ ಕೈಗೆ ಬಂತು.

ಆ ಕಾರಿನ ಹಿಂದಿನ ಗಾಜಿನ ತುಂಬ ಸಾವ್ಕಾರರ ಮನೆತನದ ಹೆಸರಿತ್ತು. ನಮ್ಮ ಕಡೆ ಅದು ಪದ್ಧತಿ. ಮನೆತನದ ಹೆಸರು, ಕುಲದೇವರ ಹೆಸರು, ಅವ್ವನ ಆಶೀರ್ವಾದ, ಏನಾದರೊಂದು ಬರೆಸದೆ ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ. ಇದರ ಮೇಲೆ ದಪ್ಪ ಬಿಳಿ ಅಕ್ಷರ, ಪಕ್ಕದಲ್ಲಿ ಒಂದು ದ್ರಾಕ್ಷಿಯ ಗೊಂಚಲು. ಮುಂದಿನ ಗಾಜಿನ ಮೇಲೂ ಅದೇ ಹೆಸರು ಸಣ್ಣದಾಗಿ. ಮೈಲು ದೂರದಿಂದಲೇ ಗೊತ್ತಾಗುತ್ತಿತ್ತು ಯಾರ ಗಾಡಿಯೆಂದು.

ಮೊದಲ ತಿಂಗಳು ನಾನು ತೇಲಾಡಿದೆ. ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ತೋಟದ ಗೇಟಿನಲ್ಲಿ ಹತ್ತು ನಿಮಿಷ ನಿಲ್ಲಬೇಕಿತ್ತು. ಒಳಗೆ ಹೋದ ಮೇಲೂ ಯಾವ ಊರು, ಯಾರ ಪೈಕಿ ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆಮೇಲೆ ಮನೆಯವರಿಗೆಲ್ಲ ಕಪ್ಪುಬಸಿಯಲ್ಲಿ ಚಹಾ, ನನಗೆ ಕಾಗದದ ಕಪ್ಪು. ಯಾರೂ ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ, ಕಪ್ಪು ಮಾತ್ರ ಬೇರೆ. ಈಗ ಕಾರು ಗೇಟಿಗೆ ಬರುವುದರೊಳಗೆ ಗೇಟು ತೆರೆದಿರುತ್ತಿತ್ತು. ಯಾರ ಪೈಕಿ ಎಂದು ಒಬ್ಬರೂ ಕೇಳಲಿಲ್ಲ. ಗಾಜಿನ ಮೇಲೆ ಓದಿಕೊಂಡಿರುತ್ತಿದ್ದರಲ್ಲ. ಬಂಗಾರದ ಅಂಚಿನ ಕಪ್ಪುಬಸಿಯಲ್ಲಿ ಚಹಾ ಕುಡಿಯುತ್ತ ನಾನು ಕಾಲ ಮೇಲೆ ಕಾಲು ಹಾಕಿ ಕೂರುವುದನ್ನೂ ಕಲಿತೆ. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. ಆಗ ಸುಖವಾಗಿಯೇ ಇತ್ತು.

ಸಂಜೆ ಕಾರನ್ನು ವಾಡೆಯ ಅಂಗಳದಲ್ಲೇ ನಿಲ್ಲಿಸಬೇಕಿತ್ತು, ನಮ್ಮ ಓಣಿಗೆ ಅದು ಬರುತ್ತಿರಲಿಲ್ಲ. ಕೀಲಿ ಕೊಡಲು ಹೋದರೆ ಸಾವ್ಕಾರರು ಕಟ್ಟೆಯ ಮೇಲೆ ಕುರ್ಚಿ ತರಿಸುತ್ತಿದ್ದರು. ಸಣ್ಣವಳಿದ್ದಾಗ ಅವ್ವನ ಸೆರಗು ಹಿಡಿದು ಅದೇ ಕಟ್ಟೆಯ ಕೆಳಗೆ ಎಷ್ಟು ಸಲ ನಿಂತಿದ್ದೇನೋ. ಈಗ ಕುರ್ಚಿಯ ಮೇಲೆ ಕೂತು ನಾನು ಮಾತಾಡುತ್ತಿದ್ದೆ, ಸಾವ್ಕಾರರು ಕೇಳುತ್ತಿದ್ದರು. ಆ ಕಡೆ ತೋಟ ಹೇಗಿವೆ, ಈ ಕಡೆ ಹೂವು ಹೇಗೆ ಕಟ್ಟಿದೆ ಎಂದು ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳುವರು. ನನ್ನ ನಾಲಗೆಗೆ ಹಿಡಿತವೆಲ್ಲಿ! ದೊಡ್ಡ ವಿಜ್ಞಾನಿಯ ಹಾಗೆ ಬಳ್ಳಿ ಬಳ್ಳಿಯ ಜಾತಕ ಹೇಳುತ್ತಿದ್ದೆ. ಒಂದು ದಿನ ಕಾಗವಾಡದ ಆಚೆಯ ಒಬ್ಬರ ತೋಟದ ಬಗ್ಗೆ, ಅದರ ಬೇರು ಸೋತಿದೆ, ಈ ಸಲ ನಿಲ್ಲುವುದು ಕಷ್ಟ ಎಂದೆ. ಸಾವ್ಕಾರರು ಹೌದೇನು ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಅದಾದ ಮೇಲೆ ತೋಟಗಳಲ್ಲಿ ಒಂದು ಹೊಸ ರೀತಿ ಶುರುವಾಯಿತು. ನಾನು ಹೋಗುವುದರೊಳಗೆ ಎಲೆ ಹರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಲ್ಲಿ ಇಟ್ಟಿರುತ್ತಿದ್ದರು. ಬಿಸಿಲಲ್ಲಿ ನೀವು ಯಾಕೆ ತಿರುಗುತ್ತೀರಿ ಮೇಡಂ, ಕೂತು ಚಹಾ ಕುಡಿಯಿರಿ ಎನ್ನುವರು. ನಾನು ಅದನ್ನು ಮರ್ಯಾದೆ ಎಂದುಕೊಂಡೆ. ಹತ್ತು ವರ್ಷ ಒಂದು ಎಲೆಯನ್ನೂ ಬೇರೆಯವರ ಕೈಯಿಂದ ತೆಗೆದುಕೊಳ್ಳದವಳು ಈಗ ಚೀಲಕ್ಕೆ ಚೀಲ ಎಣಿಸಿ ಡಬ್ಬಿಗೆ ಹಾಕಿಕೊಂಡೆ. ದಿನಕ್ಕೆ ಮೂರು ತೋಟ ಆಗುತ್ತಿದ್ದಲ್ಲಿ ಏಳು ಆಗತೊಡಗಿದವು. ಸಾಹೇಬರಿಗೆ ಖುಷಿಯೋ ಖುಷಿ. ಈ ವರ್ಷ ಎಲ್ಲ ತೋಟಗಳ ವರದಿ ಚೆನ್ನಾಗಿ ಬರುತ್ತಿದೆ ಎಂದು ಅವರು ಹೇಳಿದಾಗಲಾದರೂ ನನ್ನ ಬುದ್ಧಿಗೆ ಹೊಳೆಯಬೇಕಿತ್ತು. ಎಲ್ಲ ತೋಟ ಚೆನ್ನಾಗಿರುವ ವರ್ಷ ಅಂತ ಯಾವುದಾದರೂ ಇದೆಯೇ?

ದೀಪಾವಳಿ ಕಳೆದು ಮೂರು ವಾರವಾಗಿತ್ತು. ನಮ್ಮ ಅಥಣಿ ತಾಲೂಕಿನ ಅನಂತಪುರದ ಕಡೆಯಿಂದ ಬರುತ್ತ, ಕೊಕಟನೂರಿಗೆ ಹೋಗುವ ದಾರಿಯ ಒಂದು ತೋಟದ ಮುಂದೆ ಕಾರು ನಿಲ್ಲಿಸಿದೆ. ಒಂದೂವರೆ ಎಕರೆಯ ತೋಟ. ಗಂಡ ತೀರಿ ಎರಡು ವರ್ಷವಾಗಿತ್ತು, ಐವತ್ತೈದರ ಆ ಹೆಂಗಸು ತಾನೇ ನಿಂತು ಮಾಡಿಸುತ್ತಿದ್ದಳು. ನಾನು ಆಕೆಯನ್ನು ಚಿಕ್ಕಮ್ಮನನ್ನು ಕರೆಯುವ ಹಾಗೆ ಮಾವಶಿ ಎನ್ನುತ್ತಿದ್ದೆ. ಹತ್ತು ದಿನದ ಹಿಂದೆ ಆಕೆಯೂ ಎಲೆ ಹರಿದು ಇಟ್ಟಿದ್ದಳು. ವರದಿ ಬಂದಿತ್ತು, ಬಳ್ಳಿಗೆ ಎಲ್ಲವೂ ಬೇಕಾದಷ್ಟಿದೆ, ಏನೂ ಹಾಕುವುದು ಬೇಡ ಎಂದು. ದಾರಿಯಲ್ಲೇ ಇದೆಯಲ್ಲ, ನೋಡಿ ಹೋಗೋಣವೆಂದು ಚಪ್ಪರದ ಕೆಳಗೆ ಬಗ್ಗಿದೆ. ಎಲೆಯ ಅಂಚು ಸುಟ್ಟ ಹಾಗೆ ಹಳದಿಯಾಗಿತ್ತು. ನೆಲದ ತುಂಬ ಉದುರಿದ ಹೂವು. ಗೊಂಚಲನ್ನು ಮುಟ್ಟಿದರೆ ಸಾಕು, ಬೆರಳಿಗೆ ಪುಡಿಯಾಗಿ ಬರುತ್ತಿತ್ತು.

ನೀವು ಕೊಟ್ಟ ಎಲೆ ಈ ತೋಟದ್ದಲ್ಲ ಎಂದೆ. ದನಿ ಏರಿತ್ತು ಅಂತ ಕಾಣುತ್ತದೆ. ಆಕೆ ನನ್ನ ಮುಖ ನೋಡಲಿಲ್ಲ, ಗೇಟಿನ ಹೊರಗಿದ್ದ ಕಾರನ್ನು ನೋಡಿದಳು.

‘ಹೌದ್ರಿ. ಬಾಜೂಕ ನಮ್ಮ ಮೈದುನಂದು ತ್ವಾಟ ಐತೆಲ್ಲ, ಅಲ್ಲಿ ಎಲಿ ಅವು,’ ಎಂದಳು. ‘ಖರೇ ಎಲಿ ಕೊಟ್ರ ಅದು ಸಂಜಿಗಿ ಸಾವ್ಕಾರ್ರ ಕಟ್ಟಿಗಿ ಹೋಗಿ ಕುಂದರ್ತೈತಿ. ಕಾಗವಾಡದಾಚೆ ಹಂಗ ಆಗೇತಂತಲ್ಲರಿ. ಲ್ಯಾಬಿನ ಬಾಯಾರ ಹೇಳ್ಯಾರ, ನಿನ್ನ ತ್ವಾಟ ಈ ಸಲ ನಿಂದ್ರೂದಿಲ್ಲ, ಹಾಳ ಮಾಡಕೊಳ್ಳೂಕಿಂತ ನನಗ ಲಾವಣಿ ಹಾಕು ಅಂತ ಹೇಳಿ ಬರಿಸಿಕೊಂಡ್ರಂತ.’

ಲಾವಣಿ ಅಂದರೆ ನಮ್ಮಲ್ಲಿ ಹೊಲ-ತೋಟವನ್ನು ವರ್ಷಗಳ ಕರಾರಿಗೆ ಬೇರೆಯವರಿಗೆ ಬಿಟ್ಟುಕೊಡುವುದು. ಹೆಸರು ಇವರದೇ ಇರುತ್ತದೆ, ಬೆಳೆ ಅವರದು. ಸೋತ ತೋಟವಾದರೆ ಕಡಿಮೆಗೆ ಸಿಗುತ್ತದೆ. ಸಾವ್ಕಾರರಂಥವರ ಕೈಗೆ ಬಂದರೆ ಒಂದು ವರ್ಷದಲ್ಲಿ ಎದ್ದು ನಿಲ್ಲುತ್ತದೆ, ಗೊಬ್ಬರಕ್ಕೆ ನೀರಿಗೆ ಆಳಿಗೆ ಅವರಲ್ಲಿ ಕೊರತೆಯೇ? ನಾನು ಹಾಗೆ ಹೇಳಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಹೇಳಿದ್ದೆನಲ್ಲ. ಕುರ್ಚಿಯ ಮೇಲೆ ಕೂತು, ಕೇಳದ್ದನ್ನೂ ಸೇರಿಸಿ ಹೇಳಿದ್ದೆ.

ಈಗಲೇ ಖರೇ ಎಲೆ ಕೊಡಿ, ನಾನೇ ಹರಿದುಕೊಳ್ಳುತ್ತೇನೆ, ಕಾಲ ಮೀರಿಲ್ಲ ಎಂದೆ. ಕಾಯಿ ಜೋಳದಷ್ಟಾಗಲು ಇನ್ನೂ ಹತ್ತು ಹನ್ನೆರಡು ದಿನವಿತ್ತು. ಈ ತೋಟ ಕೈಬಿಟ್ಟರೆ ತನಗೆ ಬೇರೆ ದಾರಿಯಿಲ್ಲ, ಲಾವಣಿಗೆ ಹಾಕಿ ಇದ್ದ ತೋಟದಲ್ಲೇ ಆಳಾಗಬೇಕು ಎಂದು ಆಕೆ ತಾನಾಗಿಯೇ ಹೇಳಿದಳು. ಆದರೆ ಎಲೆ ಮುಟ್ಟಗೊಡಲಿಲ್ಲ.

‘ಈ ಗಾಡಿಯಾಗ ನನ್ನ ಎಲಿ ಹೋಗೂದ ಬ್ಯಾಡ್ರಿ. ಬಸ್ಸಿಗಿ ಬರ್ರಿ, ನಡಕೋತ ಬರ್ರಿ, ನಾನ ನಿಂತ ಹರಿಸಿ ಕೊಡ್ತೀನಿ.’

ನಾಲ್ಕು ದಿನದಲ್ಲಿ ಬರುತ್ತೇನೆ ಮಾವಶಿ, ನನ್ನ ಮಾತು ಎಂದೆ. ಆಕೆ ತಲೆಯಾಡಿಸಿದಳು.

ಅಲ್ಲಿಂದ ಕಾಗವಾಡದ ತನಕ ಹೇಗೆ ಬಂದೆನೋ ಗೊತ್ತಿಲ್ಲ. ಸಾವ್ಕಾರರ ಮೇಲೆ ಸಿಟ್ಟು, ನನ್ನ ಮೇಲೆ ಅದರ ಎರಡರಷ್ಟು. ಎದುರಿಗೆ ಬಂದ ಟ್ರ್ಯಾಕ್ಟರಿನವನಿಗೆಲ್ಲ ಸುಮ್ಮನೆ ಹಾರ್ನು ಹೊಡೆಯುತ್ತ ಬಂದೆ. ವಾಡೆಯಲ್ಲಿ ಕೀಲಿಯನ್ನು ಕಟ್ಟೆಯ ಮೇಲಿಟ್ಟು, ಇವತ್ತಿಗೆ ಸಾಕು ಸಾವ್ಕಾರ್ರ, ನಾಳೆಯಿಂದ ನನಗೆ ಗಾಡಿ ಬೇಡ ಎಂದೆ. ಕುರ್ಚಿಯ ಮೇಲೆ ಕೂರಲಿಲ್ಲ. ಕಾರಣ ಕೇಳಿದರು, ಹೇಳಿದೆ. ಅವರು ರೇಗುತ್ತಾರೆ ಎಂದುಕೊಂಡಿದ್ದೆ. ರೇಗಲಿಲ್ಲ.

‘ನಾ ನಿನಗ ಏನರ ಸುಳ್ಳ ಹೇಳಂತ ಅಂದೀನೇನ ತಂಗಿ? ನಾ ಕೇಳಿದೆ, ನೀ ಹೇಳಿದಿ,’ ಎಂದರು, ಅಷ್ಟೇ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಲೆ ಕೆಳಗೆ ಹಾಕಿ ಓಣಿಗೆ ನಡೆದು ಬಂದೆ.

ನಡೆದದ್ದನ್ನೆಲ್ಲ ಕೇಳಿ ಅವ್ವ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಟೋಳಿ ಕಟ್ಟಿಕೊಂಡು ಎಂದಿನಂತೆ ಸಾವ್ಕಾರರ ತೋಟಕ್ಕೇ ಹೋದಳು, ಬಂದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, ಆ ಕೊಕಟನೂರ ಕಡೆಯ ಹೆಂಗಸಿನದು ಏನಾಯಿತು ಎಂದು ಕೇಳಿದಳು. ಗಾಡಿ ನೋಡುತ್ತಿದ್ದೇನೆ, ಸಿಕ್ಕಿದ ಕೂಡಲೇ ಹೋಗುತ್ತೇನೆ ಎಂದೆ.

‘ಸ್ಕೂಟರ ಐತೆಲ್ಲ. ನಾಳಿಗೇ ಹೋಗಿ ಬಾ,’ ಎಂದಳು ಅವ್ವ.

‘ಡಬ್ಬಿ ಕಾಲಾಗ ಇಟಗೊಂಡ ಹೋಗೂದು ಮುಗೀತ ಬೇ,’ ಎಂದೆ ನಾನು.

ಯಾಕೆ ಹಾಗೆ ಅಂದೆ? ಇಂದಿಗೂ ಕೇಳಿಕೊಳ್ಳುತ್ತೇನೆ. ಸ್ಕೂಟರು ಬಾಗಿಲಲ್ಲೇ ಇತ್ತು. ಪೆಟ್ರೋಲೂ ಇತ್ತು. ಅಷ್ಟು ದೂರಕ್ಕೆ ಐಸು ಕರಗುತ್ತದೆ, ಧೂಳು ಹತ್ತುತ್ತದೆ ಎಂದು ನೂರು ನೆಪ ಹೇಳಿಕೊಂಡೆ. ನಿಜ ಬೇರೆಯೇ ಇತ್ತು. ಆರು ವಾರ ಕಾರಿನಲ್ಲಿ ಇಳಿದು ಹೋದ ಗೇಟುಗಳ ಮುಂದೆ ಮತ್ತೆ ಸ್ಕೂಟರು ನಿಲ್ಲಿಸಿ, ಓಢಣಿ ಬಿಚ್ಚಿ, ಬೆವರು ಒರೆಸಿಕೊಳ್ಳುತ್ತ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ಸಾವ್ಕಾರರು ಗಾಡಿ ಕಸಿದುಕೊಂಡರು ನೋಡು ಎಂದು ಜನ ಅಂದುಕೊಳ್ಳುತ್ತಾರಲ್ಲ! ಹೋದರೆ ಸ್ವಂತದ ಕಾರಿನಲ್ಲೇ ಹೋಗಬೇಕು, ಆ ಮಾವಶಿಯ ಗೇಟಿಗೇ ಮೊದಲು ಹೋಗಬೇಕು, ಇದು ನನ್ನದು ಎಂದು ಹೇಳಬೇಕು. ಈ ಹುಚ್ಚು ತಲೆಗೆ ಹತ್ತಿತ್ತು. ಆ ದಿನಗಳಲ್ಲಿ ಹತ್ತಿರದ ಮಣ್ಣಿನ ನಮೂನೆಗಳನ್ನು ಮಾತ್ರ ತಂದು ಸಾಹೇಬರ ಕಣ್ಣು ತಪ್ಪಿಸಿಕೊಂಡು ತಿರುಗಿದೆ.

ಮಿರಜಿನಲ್ಲಿ ಒಂದು ಕಾರು ಸಿಕ್ಕಿತು. ಗಡಿಯ ಆಚೆಯ ಗಾಡಿ ನಮ್ಮ ಕಡೆಯದಕ್ಕಿಂತ ಅಗ್ಗ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಅಗ್ಗ ಯಾಕೆ ಎಂಬುದು ಮಾತ್ರ ಕೊಂಡ ಮೇಲೆ ಗೊತ್ತಾಗುತ್ತದೆ. ಮಹಾರಾಷ್ಟ್ರದ ನಂಬರಿನ ಗಾಡಿ ನಮ್ಮ ಕಡೆ ಬರಬೇಕಾದರೆ ಅಲ್ಲಿಯ ಆಫೀಸಿನಿಂದ ತಕರಾರಿಲ್ಲ ಎಂಬ ಕಾಗದ ಬೇಕು, ಇಲ್ಲಿ ಬಂದು ಮತ್ತೆ ತೆರಿಗೆ ಕಟ್ಟಬೇಕು. ಕಾಗದ ನಾಳೆ ಬರುತ್ತದೆ ಬಾಯಿ, ಉದ್ಯಾ ನಕ್ಕಿ ಎಂದು ಮಾರಿದವನು ದಿನಾ ಹೇಳಿದ. ನಾನು ದಿನಾ ನಂಬಿದೆ. ಬೆಳಿಗ್ಗೆ ತಯಾರಾಗಿ, ಡಬ್ಬಿಗೆ ಐಸು ತುಂಬಿ ಕೂರುವುದು, ಮಧ್ಯಾಹ್ನ ಐಸನ್ನು ಗಿಡದ ಬುಡಕ್ಕೆ ಸುರಿಯುವುದು. ಮಿರಜಿಗೆ ಹೋಗಿ ಆ ಮನುಷ್ಯನ ಅಂಗಡಿಯ ಮುಂದೆ ಅತ್ತಿತ್ತ ಓಡಾಡಿ, ಮರಾಠಿಯಲ್ಲಿ ಬಾಯಿಗೆ ಬಂದದ್ದು ಬೈದು, ತಿರುಗಿ ಬರುವುದು. ನಾಲ್ಕು ದಿನ ಎಂಟಾಯಿತು. ಕೈಕಾಲಿಗೆ ನಿಲುಗಡೆಯಿಲ್ಲ, ಆದರೂ ಸ್ಕೂಟರಿನ ಕೀಲಿ ಮುಟ್ಟಲಿಲ್ಲ. ಎಲ್ಲಿಯೂ ಕೂರಲಾರದ ನಾನು ಹೋಗಬೇಕಾದ ಒಂದೇ ಕಡೆ ಹೋಗದೆ ಸುತ್ತಲೂ ಓಡುತ್ತಿದ್ದೆ. ಒಮ್ಮೆ ಮಾವಶಿಗೆ ಫೋನು ಮಾಡಿದೆ. ನಾಳೆ ಖಂಡಿತ ಎಂದೆ, ಮಿರಜಿನವನು ನನಗೆ ಹೇಳುವ ದನಿಯಲ್ಲೇ. ಆಕೆ ಆಗಲಿ ಎಂದಳು.

ಕಾಗದ ಬಂದು, ಕಾರು ನನ್ನ ಓಣಿಯ ತುದಿಗೆ ಬಂದು ನಿಂತಾಗ ಹತ್ತೊಂಬತ್ತು ದಿನ ಕಳೆದಿತ್ತು. ಬೂದಿ ಬಣ್ಣದ ಸಣ್ಣ ಕಾರು, ಎಡಗಡೆಯ ಬಾಗಿಲಿಗೆ ಒಂದು ಗೀರು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಚೆನ್ನಾಗಿದೆ ಎಂದಳು. ಒಳಗೆ ಕೂತು ಒಂದು ಸುತ್ತು ಬಾ ಎಂದರೆ, ಮೊದಲು ಅಲ್ಲಿಗೆ ಹೋಗು ಎಂದಳು.

ಹೋದೆ. ಅಷ್ಟು ವೇಗವಾಗಿ ನಾನು ಎಂದೂ ಗಾಡಿ ಓಡಿಸಿಲ್ಲ, ಓಡಿಸಬಾರದು ಕೂಡ. ಅಥಣಿ ದಾಟಿದ್ದು ನೆನಪಿಲ್ಲ. ದಾರಿಯುದ್ದಕ್ಕೂ ಈ ವರ್ಷ ಹವೆ ತಂಪಾಗಿತ್ತು, ಕಾಯಿ ನಿಧಾನ ಬಲಿಯುತ್ತದೆ, ಇನ್ನೂ ಜೋಳದಷ್ಟೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಹೆಚ್ಚಾದರೂ ಏನಾದರೂ ಮಾಡಬಹುದು, ನಾನೇ ಎದುರು ನಿಂತು ಔಷಧ ಹೊಡೆಸುತ್ತೇನೆ ಎಂದುಕೊಂಡೆ.

ಗೇಟು ತೆರೆದಿತ್ತು. ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಸಾಲಾಗಿ ಬಳ್ಳಿ ಕಟ್ಟುತ್ತಿದ್ದರು, ಯಾರೂ ನನಗೆ ಪರಿಚಯದವರಲ್ಲ. ಕಾಯಿ ಶೇಂಗಾದ ಬೀಜದಷ್ಟಾಗಿತ್ತು, ಅದೂ ಗೊಂಚಲಿಗೆ ಹತ್ತೋ ಹನ್ನೆರಡೋ. ನೀರಿನ ಹೊಸ ಪೈಪು ಹಾಸಿದ್ದರು. ಮಾವಶಿ ಎಲ್ಲಿ ಎಂದು ಕೇಳುವುದರೊಳಗೆ ಆಕೆ ಆ ಸಾಲಿನಿಂದಲೇ ಎದ್ದು ಬಂದಳು. ಸೊಂಟಕ್ಕೆ ಸುತಳಿಯ ಉಂಡೆ ಸಿಗಿಸಿಕೊಂಡಿದ್ದಳು.

ವಾರದ ಹಿಂದೆ ಸಾವ್ಕಾರರು ಬಂದು ಮೈದುನನೊಂದಿಗೆ ಕೂತು ಮುಗಿಸಿ ಹೋದರು ಎಂದಳು. ಐದು ವರ್ಷದ ಲಾವಣಿ. ತನಗೆ ದಿನಗೂಲಿಯ ಮೇಲೆ ಕೆಲಸ ಇಟ್ಟಿದ್ದಾರೆ, ಚೆನ್ನಾಗಿಯೇ ಮಾತಾಡಿದರು ಎಂದಳು. ನನ್ನನ್ನು ಬೈಯಲಿಲ್ಲ. ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಮಾವಶಿ, ಗಾಡಿ ಸಿಗಲಿಲ್ಲ ಎಂದು ನಾನೇ ಶುರುಮಾಡಿದೆ. ನನ್ನ ಬಾಯಿಂದ ಬಂದ ಆ ಮಾತು ನನಗೇ ಅಸಹ್ಯವಾಯಿತು. ಆಕೆ ಗೇಟಿನ ಕಡೆ ಕತ್ತು ಚಾಚಿ ಕಾರನ್ನು ನೋಡಿದಳು.

‘ಇದ ನಿಂದನ?’ ಎಂದಳು.

ಹೌದು ಎಂದೆ. ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತು, ಅದನ್ನು ಹೇಳುವಾಗ ನೆಲ ನೋಡುತ್ತಿದ್ದೆ.

‘ಚಲೋ ಆತು,’ ಎಂದಳು. ‘ಈ ತ್ವಾಟ ಈಗ ನಂದಲ್ಲ ತಂಗಿ. ಎಲ್ಲಿ ಬೇಕಾದಲ್ಲಿ ಹರಕೋ.’

ಏನೂ ಉಪಯೋಗವಿಲ್ಲವೆಂದು ಗೊತ್ತಿದ್ದರೂ ಹರಿದೆ. ಹಿಂದಿನ ನಮೂನೆ ತಪ್ಪೆಂದು ನಾನೇ ಗುರುತು ಹಾಕಿದ್ದರಿಂದ ಲ್ಯಾಬಿನ ಪಟ್ಟಿಯಲ್ಲಿ ಆ ತೋಟ ಮತ್ತೆ ಬಾಕಿಯಿತ್ತು. ಆ ಮೂಲೆಯಿಂದ ಈ ಮೂಲೆಗೆ ಅಡ್ಡಾದಿಡ್ಡಿ ನಡೆದೆ, ಒಳ್ಳೆಯ ಬಳ್ಳಿಯದೂ ಸೊರಗಿದ ಬಳ್ಳಿಯದೂ ಸೇರಿಸಿ ನೂರು ತೊಟ್ಟು ಕೂಡಿಸಿದೆ, ಹತ್ತು ವರ್ಷ ಮಾಡಿದ ಹಾಗೆಯೇ. ಆಕೆ ಒಂದು ಸಾಲು ನನ್ನ ಜೊತೆ ಬಂದಳು, ಆಮೇಲೆ ಆಳುಗಳ ಮೇಲಿನ ಮುಕಾದಮ ಕೂಗಿದ ಎಂದು ಕಟ್ಟುವ ಕೆಲಸಕ್ಕೆ ಹೋದಳು. ಚೀಲಕ್ಕೆ ಚೀಟಿ ಅಂಟಿಸಿ ಅದರ ಮೇಲೆ ತೋಟದವರ ಹೆಸರು ಬರೆಯಬೇಕು. ಪೆನ್ನು ತೆಗೆದು ನಿಂತೆ, ಬರೆಯಲಿಲ್ಲ. ಆಕೆ ದೂರದಿಂದ ನೋಡಿದಳು. ನನಗೆ ಹೆಸರು ಮರೆತಿದೆ ಎಂದುಕೊಂಡಳೋ ಏನೋ, ಸುತಳಿ ಗಂಟು ಹಾಕುತ್ತಲೇ, ಎಲ್ಲರಿಗೂ ಕೇಳುವ ಹಾಗೆ, ಸಾವ್ಕಾರರ ಪೂರ್ತಿ ಹೆಸರು ಹೇಳಿದಳು. ನಾನು ಬರೆದುಕೊಂಡೆ.